ತಟ್ಟೆ ಮಾಯವಾಗುವ ಆಳ

ದೋಣಿಮನೆಯ ಗೋಡೆಗೆ ಒರಗಿಸಿದ್ದ ನೀಲಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಹೀಗೆ ಬರೆದಿತ್ತು: 'ಸರೋವರಕ್ಕೆ ಬಂದವರು ಮಾಡಲೇಬೇಕಾದ ಏಳು ಕೆಲಸಗಳು.' ನಾಲ್ಕು ವರ್ಷಗಳ ಹಿಂದೆ, ಮೊದಲ ದಿನ, ಅದನ್ನು ಓದುವುದಕ್ಕೂ ನಾನು ನಿಲ್ಲಲಿಲ್ಲ. ಒಂದು ಕೈಯಲ್ಲಿ ಬಾಟಲಿಗಳ ಪೆಟ್ಟಿಗೆ, ಇನ್ನೊಂದರಲ್ಲಿ ತಟ್ಟೆ, ಹೆಗಲ ಮೇಲೆ ಹಗ್ಗದ ಸುರುಳಿ. ಹಲಗೆಯ ಪಕ್ಕ ಹುಟ್ಟು ಒರೆಸುತ್ತ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ.

"ಬನ್ನಿ ಮೇಡಂ. ಏಳರಲ್ಲಿ ಯಾವುದರಿಂದ ಶುರು ಮಾಡೋಣ? ಸೂರ್ಯೋದಯದ ದೋಣಿ ಹೋಗಾಯ್ತು. ಕೂಗುಬಂಡೆಗೆ ಹೋಗಬಹುದು. ಅಲ್ಲಿ ನಿಂತು ಕೂಗಿದ್ರೆ ಕೆರೆ ಮೂರು ಸಲ ವಾಪಸ್ ಕೂಗುತ್ತೆ."

"ನಾನು ಕೂಗೋಕೆ ಬಂದಿಲ್ಲ. ನಡುನೀರಿಗೆ ಹೋಗಬೇಕು. ಮೋಟಾರ್ ಬೇಡ, ಹುಟ್ಟು ಹಾಕೋ ದೋಣಿ."

"ಒಬ್ರೇನಾ?"

"ಯಾಕೆ, ಒಬ್ಬಳೇ ಕೂತ್ರೆ ಮುಳುಗುತ್ತಾ?"

ಅಷ್ಟರಲ್ಲಿ ಟಿಕೆಟ್ ಕಿಟಕಿಯಿಂದ ಒಬ್ಬ ಹೆಂಗಸಿನ ತಲೆ ಹೊರಬಂತು. ಅವನ ಅಕ್ಕ. "ಏ ಗುಮ್ಮನಗುಸುಕ, ನೋಡೋ, ಊಟದ ತಟ್ಟೆ ಮನೆಯಿಂದಲೇ ತಂದಿದ್ದಾರೆ ಪಾಪ. ಹಸಿದಿರ್ತಾರೆ, ಬೇಗ ಕರ್ಕೊಂಡು ಹೋಗು." ಆಮೇಲೆ ನನ್ನ ಕಡೆ ತಿರುಗಿ, "ಹಲಗೆ ಮೇಲಿರೋ ಏಳು ವಾಕ್ಯ ಬಿಟ್ರೆ ಇವನ ಬಾಯಿಂದ ಎಂಟನೇದು ಬರಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ," ಎಂದಳು.

ನಾನು ನೀರಿನ ಪರೀಕ್ಷಾ ಕಚೇರಿಯವಳು, ಕೆರೆಯ ನೀರು ಎಷ್ಟು ತಿಳಿಯಾಗಿದೆ ಎಂದು ವಾರಕ್ಕೊಮ್ಮೆ ಅಳೆಯಲು ಬರುತ್ತೇನೆ ಎಂದು ಗುರುತಿನ ಚೀಟಿ ತೋರಿಸಿದೆ. ಅವನ ಕಿವಿ ಕೆಂಪಾಯಿತು. ಅಂದಿನಿಂದ ಆ ದಂಡೆಯಲ್ಲಿ ನನ್ನ ಹೆಸರು ತಟ್ಟೆ ಮೇಡಂ.

*

ಕೆಲಸ ಸರಳ. ಹಳೆಯದು ಕೂಡ. ಇಪ್ಪತ್ತು ಸೆಂಟಿಮೀಟರ್ ಅಗಲದ ಒಂದು ದುಂಡು ತಟ್ಟೆ. ಅದರ ಮೇಲೆ ಕಪ್ಪು, ಬಿಳುಪು, ಕಪ್ಪು, ಬಿಳುಪು ಎಂದು ನಾಲ್ಕು ಭಾಗ. ನಡುವಿನ ತೂತಿಗೆ ಹಗ್ಗ, ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಕಪ್ಪು ದಾರ, ಮೀಟರಿಗೊಂದು ಕೆಂಪು ದಾರ. ದೋಣಿಯ ನೆರಳು ಬೀಳುವ ಬದಿಯಲ್ಲಿ ಬಗ್ಗಿ ಅದನ್ನು ನಿಧಾನವಾಗಿ ನೀರಿಗೆ ಬಿಡಬೇಕು. ಬಿಳಿ ಮೊದಲು ಹಸಿರಾಗುತ್ತದೆ, ಆಮೇಲೆ ಮಸುಕಾಗುತ್ತದೆ, ಆಮೇಲೆ ಒಂದು ಕ್ಷಣ, ಇದೆಯೋ ನಾನು ನೆನಪಿಸಿಕೊಳ್ಳುತ್ತಿದ್ದೇನೋ ಎಂದು ತಿಳಿಯದ ಹಾಗೆ ನಿಂತು, ಮಾಯವಾಗುತ್ತದೆ. ಆ ಆಳವನ್ನು ಬರೆದುಕೊಳ್ಳಬೇಕು. ಇನ್ನೊಂದೆರಡು ಮೀಟರ್ ಕೆಳಗೆ ಬಿಟ್ಟು ಮತ್ತೆ ಮೇಲೆಳೆದು, ಅದು ಕಾಣಿಸಿಕೊಂಡ ಆಳವನ್ನೂ ಬರೆದುಕೊಳ್ಳಬೇಕು. ಎರಡರ ಸರಾಸರಿಯೇ ಕೆರೆಯ ತಿಳಿ.

ಇದಕ್ಕೆ ಯಂತ್ರವಿಲ್ಲ. ಇರುವುದು ಕಣ್ಣು. ಆದ್ದರಿಂದಲೇ ಶಿಸ್ತು ಬೇಕು: ಅದೇ ಜಾಗ, ಅದೇ ಹೊತ್ತು, ಅದೇ ಕಣ್ಣು. ದಂಡೆಯ ಒಂಟಿ ಮರವೂ ಅದರ ಹಿಂದಿನ ನೀರಿನ ಟ್ಯಾಂಕೂ ಒಂದೇ ಗೆರೆಗೆ ಬರುವ ಕಡೆ ಅವನು ದೋಣಿ ನಿಲ್ಲಿಸುತ್ತಿದ್ದ. ಗಾಳಿ ಬಂದರೆ ಹುಟ್ಟಿನ ತುದಿಯನ್ನು ನೀರಿನಲ್ಲಿ ಅರ್ಧ ಗೇಣು ತಿರುಗಿಸುತ್ತಿದ್ದ, ಅಷ್ಟೇ. ದೋಣಿ ಮೇಜಿನ ಹಾಗೆ ನಿಲ್ಲುತ್ತಿತ್ತು.

ಮೊದಲ ಎರಡು ಬುಧವಾರ ಒಂದು ತಮಾಷೆ ನಡೆಯಿತು. ತಟ್ಟೆ ಮಾಯವಾದ ಗಳಿಗೆಗೆ ನಾನು "ಹೋಯ್ತು" ಎಂದರೆ ಅವನೂ "ಹೋಯ್ತು" ಎನ್ನುತ್ತಿದ್ದ. ಒಂದೇ ಉಸಿರಿಗೆ, ಇಬ್ಬರೂ. ಮೊದಲ ಸಲ ನಗು ಬಂತು. ಎರಡನೆಯ ವಾರ ತಲೆಯೆತ್ತಿ ನೋಡಿದೆ. ಅವನ ಕಣ್ಣು ನೀರಿನಿಂದ ನನ್ನ ಮುಖಕ್ಕೆ ಬಂದು, ಸಿಕ್ಕಿಬಿದ್ದವರ ಹಾಗೆ ಒಂಟಿ ಮರದ ಕಡೆ ಓಡಿತು.

ಮೂರನೆಯ ಬುಧವಾರ ನಾನೇ ತಡೆದೆ. "ನೋಡಿ, ನಾನು ಅಳೆಯುವಾಗ ನೀವು ಏನೂ ಹೇಳಬಾರದು. ನಿಮ್ಮ ಮಾತು ಕೇಳಿ ನನ್ನ ಕಣ್ಣು ವಾಲಬಹುದು. ಅಳತೆ ಕೆಡುತ್ತೆ."

"ಬಾಯಿ ಬಿಡಬಾರದು."

"ಹೂಂ."

"ಆಯ್ತು ಮೇಡಂ."

ಅವನು ಮಾತು ಉಳಿಸಿಕೊಂಡ. ನಾಲ್ಕು ವರ್ಷ, ತಟ್ಟೆ ನೀರಿಗಿಳಿದಾಗಲೆಲ್ಲ ಅವನ ತುಟಿ ಹೊಲಿದಂತಿತ್ತು. ದಂಡೆಗೆ ಮರಳುವಾಗ ಮಾತ್ರ ಎರಡು ಮಾತು. "ಏಳರಲ್ಲಿ ಒಂದನ್ನೂ ಮಾಡಿಲ್ಲ ನೀವು," ಎನ್ನುತ್ತಿದ್ದ. "ಮುಂದಿನ ವಾರ," ಎನ್ನುತ್ತಿದ್ದೆ. ಅದೇ ಮಾತು, ಅದೇ ಜಾಗದಲ್ಲಿ, ಇನ್ನೂರು ಬುಧವಾರ.

ನನಗೇನೂ ತಿಳಿಯುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂವತ್ತೆಂಟರ ಹೆಂಗಸಿಗೆ ಇಸ್ತ್ರಿಯ ಗೆರೆ ಕಾಣುತ್ತದೆ. ಅವನ ಅಂಗಿಗೆ ವಾರದ ಉಳಿದ ದಿನಗಳಲ್ಲಿ ಆ ಗೆರೆ ಇರುವುದಿಲ್ಲ ಎಂದು ಅವನ ಅಕ್ಕನೇ ಒಮ್ಮೆ ಕಿಟಕಿಯಿಂದ ಕೂಗಿ ಹೇಳಿದ್ದಳು. ನೀರಿಗೆ ಬಗ್ಗಿದಾಗ ನನ್ನ ಕತ್ತಿನ ಮೇಲೆ ಅವನ ನೋಟ ಬಿಸಿಲಿನ ಹಾಗೆ ಕೂತಿರುತ್ತದೆ ಎಂದು ನನಗೆ ಗೊತ್ತಿತ್ತು. ಹಾಗೆಂದೇ ನಂಬಿದ್ದೆ. ಅವನು ಅಷ್ಟು ಹೊತ್ತೂ ತಟ್ಟೆಯನ್ನೇ ನೋಡುತ್ತಿದ್ದ ಎಂಬುದು ತಿಳಿದದ್ದು ಆಮೇಲೆ.

*

ಮೊದಲ ವರ್ಷ ಕೆರೆಯ ತಿಳಿ 5.2 ಮೀಟರ್. ಎರಡನೆಯ ವರ್ಷ 4.8. ಮೂರನೆಯ ವರ್ಷ 4.3. ಈ ವರ್ಷದ ಸರಾಸರಿ 3.9ಕ್ಕೆ ಇಳಿಯಿತು. ನಾಲ್ಕರ ಕೆಳಗೆ ಹೋದರೆ ಮೋಟಾರ್ ದೋಣಿಗಳನ್ನು ನಿಲ್ಲಿಸಬೇಕೆಂದು ನಿಯಮ.

ನನ್ನನ್ನು ಕಾಡುತ್ತಿದ್ದ ಒಂದು ಸಂಗತಿ ಇತ್ತು. ಬಾಟಲಿಯಲ್ಲಿ ತಂದ ನೀರಿನಲ್ಲಿ ಪಾಚಿ ಹೆಚ್ಚಾಗಿರಲಿಲ್ಲ. ಬಾಟಲಿ ಒಂದು ಹೇಳುತ್ತಿತ್ತು, ತಟ್ಟೆ ಇನ್ನೊಂದು ಹೇಳುತ್ತಿತ್ತು. ಪಾಚಿ ಅಲ್ಲದಿದ್ದರೆ ಮಣ್ಣಿನ ಸೂಕ್ಷ್ಮ ಕಣ. ಅದನ್ನು ಅಳೆಯುವ ಯಂತ್ರ ಕಚೇರಿಯಲ್ಲಿ ಕೆಟ್ಟು ಎರಡು ವರ್ಷವಾಗಿತ್ತು. ಕಣವನ್ನು ಕದಡುವವರು ಯಾರು? ಮೋಟಾರ್ ದೋಣಿಗಳು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ವರದಿ ಬರೆದೆ. ಶುಕ್ರವಾರದ ಸಭೆಯಲ್ಲಿ ಅದನ್ನು ಇಡಬೇಕಿತ್ತು.

ಅದಕ್ಕೆ ಎರಡು ದಿನ ಮುಂಚಿನ ಬುಧವಾರ, ಅವನಿಗೆ ನಾನೇ ತಿಳಿಸಬೇಕು ಎಂದುಕೊಂಡು ಬಂದೆ. ಅವನು ದೋಣಿ ಕಟ್ಟುವ ಜೆಟ್ಟಿಯ ಮೆಟ್ಟಿಲಲ್ಲಿ, ಯಾವಾಗಿನ ಹಾಗೆ ನನ್ನ ಎಡಗಡೆಗೆ ನಿಂತು ಪೆಟ್ಟಿಗೆ ತೆಗೆದುಕೊಂಡ. ನಾನು ಹೇಳಿ ಮುಗಿಸುವ ತನಕ ಕೇಳಿದ.

"ವರದಿ ಕೊಡಿ," ಎಂದ. "ನಿಮ್ಮ ಕೆಲಸ ಅದು."

"ನಿಮಗೇನೂ ಹೇಳೋಕಿಲ್ವಾ?"

ಅವನು ಹಗ್ಗದ ಗಂಟು ಬಿಚ್ಚುತ್ತಲೇ ಇದ್ದ. ಹೇಳಿದ್ದು ಅಕ್ಕ. ಕಿಟಕಿ ಮುಚ್ಚಿ ಹೊರಗೆ ಬಂದೇಬಿಟ್ಟಳು.

"ಅವನು ಹೇಳಲ್ಲ, ನಾನು ಹೇಳ್ತೀನಿ. ನಮ್ಮ ಎರಡು ಮೋಟಾರ್ ದೋಣಿ ನಿಂತ್ರೆ ಈ ಕಿಟಕಿಗೆ ಹಲಗೆ ಬಡೀಬೇಕು, ಅಷ್ಟೇ. ಹುಟ್ಟಿನ ದೋಣಿ ನಂಬ್ಕೊಂಡು ಇಬ್ಬರ ಹೊಟ್ಟೆ ತುಂಬಲ್ಲ. ನಾಲ್ಕು ವರ್ಷ ಇವನು ಬುಧವಾರ ಬೆಳಿಗ್ಗೆ ಆ ದೋಣಿಯನ್ನ ತೊಳೆದಷ್ಟು ತನ್ನ ಮುಖ ತೊಳೆದಿಲ್ಲ. ಆ ದೋಣಿಲಿ ಕೂತ್ಕೊಂಡೇ ನಮ್ಮ ಕತ್ತು ಕುಯ್ಯೋ ಕಾಗದ ಬರೆದ್ರಲ್ಲ ತಾಯಿ, ನಿಮ್ಮ ಕೈ ನಡುಗಲಿಲ್ವಾ?"

"ಅಕ್ಕಾ, ಸಾಕು."

"ನೀನು ಸುಮ್ನಿರೋ. ಸುಮ್ನಿದ್ದು ಸುಮ್ನಿದ್ದೇ ಹೀಗಾಗಿದ್ದು."

ಅವಳ ಮಾತು ಎಷ್ಟು ನಿಜ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ.

*

ನಡುನೀರಿನಲ್ಲಿ ಆ ದಿನ ಗಾಳಿಯೇ ಇರಲಿಲ್ಲ. ಆಕಾಶ ನೀರಿನೊಳಗೆ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ತಟ್ಟೆ ಇಳಿಸಿದೆ. 3.8. ಬರೆದುಕೊಳ್ಳಲು ಹೋದಾಗ ಪೆನ್ಸಿಲ್ ಬೆರಳಿನಿಂದ ಜಾರಿ ಅಡ್ಡಹಲಗೆಯ ಕೆಳಕ್ಕೆ ಉರುಳಿತು. ಹುಡುಕಿದೆ, ಕಾಣಲಿಲ್ಲ. ಫೋನಿನ ಟಾರ್ಚ್ ಹಾಕಿಕೊಂಡು ಹಲಗೆಯ ಅಡಿಗೆ ತಲೆ ತೂರಿಸಿದೆ.

"ಅಲ್ಲಿ ಬೇಡ, ನಾನು ತೆಗೆದುಕೊಡ್ತೀನಿ," ಎಂದ ಅವನು. ನಾಲ್ಕು ವರ್ಷಗಳಲ್ಲಿ ಅವನ ದನಿ ಅಷ್ಟು ಗಾಬರಿಯಾಗಿದ್ದನ್ನು ಕೇಳಿರಲಿಲ್ಲ.

ಹಲಗೆಯ ಅಡಿಭಾಗದ ತುಂಬ ಪೆನ್ಸಿಲಿನ ಅಂಕಿಗಳು. ಒಂದರ ಕೆಳಗೊಂದು ದಿನಾಂಕ, ಪ್ರತಿ ದಿನಾಂಕದ ಮುಂದೆ ಎರಡು ಸಂಖ್ಯೆ. ಮೊದಲನೆಯದು ನನ್ನದು, ನನ್ನ ಪುಸ್ತಕದಲ್ಲಿರುವುದೇ. ಎರಡನೆಯದು? ಮೊದಲ ವರ್ಷ ಎರಡೂ ಒಂದೇ: 5.2, 5.2. 5.3, 5.3. ಆಮೇಲೆ ನನ್ನದು ಇಳಿಯುತ್ತ ಹೋಗಿತ್ತು. ಎರಡನೆಯದು ಇಳಿದಿರಲಿಲ್ಲ. ಹೋದ ವಾರದ ಸಾಲು: 3.9, 5.2.

ಹೊರಗೆ ಬಂದು ಕೂತೆ. ಮೈ ಉರಿಯುತ್ತಿತ್ತು.

"ಏನಿದು? ನಾನು ವರದಿ ಕೊಟ್ಟ ಮೇಲೆ ಇದನ್ನ ತೋರಿಸಿ ದೋಣಿ ಉಳಿಸ್ಕೊಳ್ಳೋ ಉಪಾಯನಾ? ಕೂತು ಅಂಕಿ ಹೊಂದಿಸಿದ್ದೀರಾ?"

"ತೋರಿಸೋದಾಗಿದ್ರೆ ಎರಡು ವರ್ಷದ ಹಿಂದೇನೇ ತೋರಿಸ್ತಿದ್ದೆ."

"ಮತ್ತೆ ಯಾಕೆ ಬರೆದಿದ್ದು?"

"ಬಾಯಿ ಬಿಡಬೇಡಿ ಅಂದ್ರಿ. ಬರೀಬೇಡಿ ಅನ್ನಲಿಲ್ಲ." ಅವನು ಹುಟ್ಟಿನ ಹಿಡಿಯನ್ನೇ ನೋಡುತ್ತಿದ್ದ. "ನಮ್ಮಿಬ್ಬರ ಕಣ್ಣು ಎಷ್ಟು ಸಲ ಒಂದೇ ಜಾಗದಲ್ಲಿ ನಿಲ್ಲುತ್ತೆ ಅಂತ ನೋಡ್ತಿದ್ದೆ. ಮೊದಲು ಅದಷ್ಟೇ ಇತ್ತು."

ಪ್ರೀತಿಯ ಮಾತನ್ನು ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ, ಮುಂದೆ ಯಾರೂ ಹೇಳಲಾರರು. ಆದರೆ ಆ ಗಳಿಗೆಯಲ್ಲಿ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನನಗೆ ಕೇಳಿಸಿದ್ದು ಎರಡು ಸಂಖ್ಯೆಗಳ ನಡುವಿನ ಅಂತರ.

"ಪರೀಕ್ಷೆ ಮಾಡೋಣ," ಎಂದೆ. "ಹಗ್ಗದ ದಾರ ನಿಮಗೆ ಕಾಣಬಾರದು. ನೀರು ಮಾತ್ರ ಕಾಣಬೇಕು."

ಕುತ್ತಿಗೆಯ ಶಾಲು ತೆಗೆದು ನನ್ನ ಮೊಣಕೈಗೂ ದೋಣಿಯ ಅಂಚಿಗೂ ನಡುವೆ ಪರದೆಯ ಹಾಗೆ ಇಳಿಬಿಟ್ಟೆ. ಅವನು ನನ್ನ ಬದಿಗೆ ಬಂದು ಬಗ್ಗಿದ. ದೋಣಿ ವಾಲದಿರಲೆಂದು ಬಾಟಲಿಯ ಪೆಟ್ಟಿಗೆಯನ್ನು ಎದುರು ಬದಿಗೆ ತಳ್ಳಿದೆವು. ಅವನ ಹೆಗಲು ನನ್ನ ಹೆಗಲಿನಿಂದ ಒಂದು ಅಂಗುಲ ದೂರದಲ್ಲಿತ್ತು. ಸೋಪಿನ ವಾಸನೆ, ಇಸ್ತ್ರಿಯ ವಾಸನೆ. ಇಷ್ಟು ಹತ್ತಿರ ನಾವು ಯಾವತ್ತೂ ಕೂತಿರಲಿಲ್ಲ.

ತಟ್ಟೆ ಬಿಟ್ಟೆ. ಒಮ್ಮೆ ಸರಸರನೆ, ಒಮ್ಮೆ ನಿಲ್ಲಿಸಿ ನಿಲ್ಲಿಸಿ, ಒಮ್ಮೆ ಇಳಿಸುವ ಹಾಗೆ ಕೈ ಆಡಿಸಿ ಸುಮ್ಮನೆ ಹಿಡಿದುಕೊಂಡೆ. "ಇಳೀತಿಲ್ಲ, ನಿಂತಿದೆ," ಎಂದ ಅವನು ತಕ್ಷಣ. ಆಮೇಲೆ "ಹೋಯ್ತು" ಎಂದ. ನಾನು ಶಾಲಿನ ಈಚೆ ದಾರ ಎಣಿಸಿದೆ. 5.2. ಎರಡನೆಯ ಸಲ 5.3. ಮೂರು, ನಾಲ್ಕು, ಐದನೆಯ ಸಲ 5.2. ಹಗ್ಗ ನೋಡದೆ, ಬೇರೆ ಬೇರೆ ವೇಗದಲ್ಲಿ ಇಳಿಸಿದ್ದನ್ನು, ಐದು ಸಲ ಒಂದೇ ಕಡೆ ಹಿಡಿಯಲು ಒಂದೇ ದಾರಿಯಿದೆ: ಅವನಿಗೆ ತಟ್ಟೆ ಕಾಣುತ್ತಿತ್ತು.

ಆರನೆಯ ಸಲ ನನ್ನ ಕಣ್ಣಿಗೆ ಅದು ಮಾಯವಾದಾಗ ಹಗ್ಗವನ್ನು ಹಿಡಿದು ನಿಲ್ಲಿಸಿದೆ. ಒಂದೂವರೆ ನಿಮಿಷ ಹಾಗೆಯೇ ನೋಡಿದೆ. ಬರೀ ಹಸಿರು.

"ಈಗ ಕಾಣ್ತಿದೆಯಾ?"

ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಹೇಳಿ. ಕಾಣ್ತಿದೆಯಾ?"

"ಕಾಣ್ತಿದೆ," ಎಂದ. "ಚೆನ್ನಾಗಿ ಕಾಣ್ತಿದೆ."

*

ನನ್ನ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಾನು ಶಾಲೆಯಲ್ಲಿದ್ದಾಗ ಅಂಗಡಿಯ ಮೇಜಿನ ಮೇಲಿನ ನಲವತ್ತು ವಾಟಿನ ಬಲ್ಬು ಅರವತ್ತರದ್ದಾಯಿತು, ಆಮೇಲೆ ನೂರರದ್ದು. "ಈಗಿನ ಬಲ್ಬು ಹಿಂದಿನಂತಿಲ್ಲ ಮಗಳೇ, ಬೆಳಕೇ ಇಲ್ಲ," ಎನ್ನುತ್ತಿದ್ದರು. ಹೊಸ ಬಲ್ಬು ತಂದುಕೊಡುತ್ತಿದ್ದವಳು ನಾನೇ. ವೈದ್ಯರ ಬಳಿ ಹೋಗುವಷ್ಟರಲ್ಲಿ ಕಣ್ಣಿನ ನರ ಬಹುಪಾಲು ಒಣಗಿತ್ತು.

ಅಪ್ಪ ಬಲ್ಬನ್ನು ದೂರಿದರು. ನಾನು ಕೆರೆಯನ್ನು ದೂರಿದೆ.

ದೋಣಿಯಲ್ಲಿ ಕೂತಲ್ಲೇ ಒಂದೊಂದಾಗಿ ನೆನಪಾಗತೊಡಗಿತು. ಎರಡು ವರ್ಷದ ಹಿಂದೆ ಜೆಟ್ಟಿಯ ಮೆಟ್ಟಿಲಿನ ಅಂಚಿಗೆಲ್ಲ ದಪ್ಪ ಬಿಳಿ ಗೆರೆ ಬಳಿದಿದ್ದ; ಟೂರಿಸ್ಟುಗಳಿಗೆಂದು ತಿಳಿದಿದ್ದೆ. ಅವನು ಯಾವಾಗಲೂ ಎಡಗಡೆಗೇ ನಿಲ್ಲುತ್ತಿದ್ದ. ಟೀ ಲೋಟವನ್ನು ಹಲಗೆಯ ಮೇಲಿಡದೆ ಕೈಗೇ ಕೊಡುತ್ತಿದ್ದ. ಒಮ್ಮೆ ನನ್ನ ಸೀಟಿನ ಮೇಲೆ ಕಣ್ಣಿನ ಆಸ್ಪತ್ರೆಯ ಒಂದು ಚೀಟಿ ಬಿದ್ದಿತ್ತು. ಒದ್ದೆ ಬಾಟಲಿ ಒರೆಸಲು ಬಳಸಿಕೊಂಡಿದ್ದೆ.

"ಆ ಚೀಟಿ ನೀವೇ ಇಟ್ಟಿದ್ದಾ?"

"ಹೂಂ. ನೀವು ಅದರಲ್ಲಿ ಬಾಟಲಿ ಒರೆಸಿದ್ರಿ."

ನನಗೆ ನಗುವೂ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ನೀವೇ ತಾನೇ ಬಾಯಿ..." ಎಂದು ಶುರು ಮಾಡಿ ನಿಲ್ಲಿಸಿದ. "ಇಲ್ಲ. ಅದು ನೆಪ. ಕನ್ನಡಕದ ನಂಬರ್ ಬದಲಾಗಿರಬೇಕು, ಅವರಿಗೇ ಗೊತ್ತಾಗುತ್ತೆ ಅಂದ್ಕೊಂಡೆ. ಆಮೇಲೆ ಭಯ ಆಯ್ತು. ಕಣ್ಣು ಸರಿಯಿಲ್ಲ ಅಂದ್ರೆ ಬೇರೆಯವರನ್ನ ಕಳಿಸ್ತಾರೆ. ಬುಧವಾರ ನೀವು ಬರಲ್ಲ."

"ದೋಣಿ ನಿಂತುಹೋಗುತ್ತೆ ಅಂತ ಗೊತ್ತಿದ್ದೂ?"

"ದೋಣಿ ಇದ್ದು, ನೀವು ಬರದೆ ಇದ್ರೆ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನನ್ನ ಇಡೀ ಜೀವ ತಿರುಗಿ ನೋಡುತ್ತಿತ್ತು. "ಈ ರೋಗದಲ್ಲಿ ಹೋದದ್ದು ವಾಪಸ್ ಬರಲ್ಲ," ಎಂದೆ. "ನಮ್ಮ ಅಪ್ಪನಿಗೆ ಇತ್ತು. ಇರೋದನ್ನ ಉಳಿಸ್ಕೋಬಹುದು, ಅಷ್ಟೇ. ಎರಡು ವರ್ಷದ ಹಿಂದೆ ನನ್ನ ಹತ್ರ ಇವತ್ತಿಗಿಂತ ಜಾಸ್ತಿ ಇತ್ತು. ನಿಮ್ಮ ಬುಧವಾರಕ್ಕೋಸ್ಕರ ಅದು ಹೋಯ್ತು."

ಅವನ ಮುಖದ ರಕ್ತ ಇಳಿಯುವುದು ನನ್ನ ಕಣ್ಣಿಗೂ ಕಂಡಿತು. ಹುಟ್ಟು ಎತ್ತಿ ದಂಡೆಯ ಕಡೆ ದೋಣಿ ತಿರುಗಿಸಿದ. ಮೆಟ್ಟಿಲ ಬಳಿ ಎಡಗಡೆ ನಿಂತು ಕೈ ಚಾಚಿದ. ನಾನು ಅದನ್ನು ಹಿಡಿಯದೆ, ಬಿಳಿ ಗೆರೆಗಳನ್ನು ನೋಡಿಕೊಂಡು ಹತ್ತಿದೆ.

ಅವನು ಬಳಿದ ಗೆರೆಗಳು. ಅವಿಲ್ಲದಿದ್ದರೆ ಆ ದಿನ ಮುಗ್ಗರಿಸುತ್ತಿದ್ದೆ.

*

ಮಾರನೆಯ ದಿನ ಬೆಳಿಗ್ಗೆ ಕಣ್ಣಿನ ವೈದ್ಯೆಯ ಮುಂದೆ ಕೂತಿದ್ದೆ. ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಚಾರ್ಟಿನ ಕೊನೆಯ ಸಾಲಿನವರೆಗೂ ಓದಿದ್ದೇನಲ್ಲ ಎಂದೆ. "ನಡುವಿನದು ಕಾಣುತ್ತೆ. ಅಂಚಿನಿಂದ ಸವೆಯುತ್ತಾ ಬರುತ್ತೆ. ಮಸುಕು ಬಣ್ಣಗಳ ವ್ಯತ್ಯಾಸ ಮೊದಲು ಹೋಗುತ್ತೆ," ಎಂದರು ಅವರು. "ಎಡಗಡೆ ಜಾಸ್ತಿ ಹೋಗಿದೆ. ಮನೆಯಲ್ಲಿ ಯಾರಿಗಾದ್ರೂ ಗ್ಲಾಕೋಮಾ ಇತ್ತಾ?"

"ಅಪ್ಪನಿಗೆ."

"ಗೊತ್ತಿದ್ದೂ ವರ್ಷಕ್ಕೊಮ್ಮೆ ತೋರಿಸ್ಕೊಳ್ಳಲಿಲ್ವಾ? ನೀವು ವಿಜ್ಞಾನ ಓದಿದವರು."

ಆ ಪ್ರಶ್ನೆ ನನ್ನೊಳಗೆ ಬಹಳ ದಿನ ಉಳಿಯಿತು. ನನಗೆ ಹೇಳಬೇಕಾದ್ದನ್ನು ಹೇಳದವನು ಅವನೊಬ್ಬನೇ ಆಗಿರಲಿಲ್ಲ. ನನಗೆ ಅಪ್ಪ ಇದ್ದರು, ಬಾಟಲಿಯ ನೀರು ಇತ್ತು, ಮೆಟ್ಟಿಲುಗಳಿದ್ದವು. ಯಾವುದನ್ನೂ ನಾನು ಕೇಳಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡದ್ದು ತಪ್ಪು. ಮುಚ್ಚಿಸಿದ್ದು ನಾನು.

ಶುಕ್ರವಾರದ ಸಭೆಯಲ್ಲಿ ವರದಿಯ ಬದಲು ಒಂದು ಪುಟದ ಕಾಗದ ಇಟ್ಟೆ. ಅಳತೆ ತಪ್ಪಾಗಿದೆ, ಕಾರಣ ಅಳೆದವಳ ಕಣ್ಣು, ಕೆರೆ ತಿಳಿಯಾಗಿಯೇ ಇದೆ. ಬೇರೆಯವರಿಂದ ಮರುಪರೀಕ್ಷೆ ಆಗಲಿ, ಇನ್ನು ಮುಂದೆ ಪ್ರತಿ ಅಳತೆಯನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆಯಲಿ. ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. "ಇದಕ್ಕೆ ಸಹಿ ಹಾಕಿದ್ರೆ ನಿಮ್ಮನ್ನ ಮತ್ತೆ ಕೆರೆಗೆ ಕಳಿಸೋಕಾಗಲ್ಲಮ್ಮ. ಗೊತ್ತಲ್ಲ?"

"ಗೊತ್ತು ಸರ್."

ಸಹಿ ಹಾಕಿದೆ. ಮರುಪರೀಕ್ಷೆಗೆ ಹೋದ ಇಬ್ಬರು 5.2 ಎಂದು ಬರೆದು ತಂದರು. ನಾನು ಲ್ಯಾಬಿನ ಮೇಜಿಗೆ ಬಂದೆ. ರಾತ್ರಿಗೊಮ್ಮೆ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧಿ. ಬುಧವಾರ ಬೆಳಿಗ್ಗೆ ಒಂಬತ್ತಾದರೆ ಕೈ ತಾನಾಗಿ ಹಗ್ಗ ಹುಡುಕುತ್ತಿತ್ತು.

ಅವನಿಂದ ಸುದ್ದಿಯಿರಲಿಲ್ಲ. ಏಳನೆಯ ಬುಧವಾರ, ನೀರಿನ ಬಾಟಲಿಗಳ ಪೆಟ್ಟಿಗೆಯ ತಳದಲ್ಲಿ, ಮಡಿಸಿದ ಒಂದು ಕಾಗದ ಬಂತು. ದಪ್ಪ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ, ನಾನು ಸುಲಭವಾಗಿ ಓದುವಂತೆ ಬರೆದಿತ್ತು: 'ಹೇಳಬೇಕಿತ್ತು. ಹೇಳದೆ ಇದ್ದದ್ದು ನನ್ನ ಸ್ವಾರ್ಥ. ಕ್ಷಮಿಸಿ ಅಂತ ಕೇಳುವ ಮುಖ ಇಲ್ಲ. ಔಷಧಿ ತಪ್ಪಿಸಬೇಡಿ.'

ಅದನ್ನು ಮೂರು ಸಲ ಓದಿದೆ. ನಾಲ್ಕು ದಿನ ಯೋಚಿಸಿದೆ. ಭಾನುವಾರ ಇನ್ನೂ ಕತ್ತಲಿರುವಾಗಲೇ ಮೊದಲ ಬಸ್ಸು ಹತ್ತಿದೆ.

*

ಟಿಕೆಟ್ ಕಿಟಕಿಯಲ್ಲಿ ಅಕ್ಕ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದುನಿಂತಳು.

"ತಟ್ಟೆ ಎಲ್ಲಿ ಮೇಡಂ?"

"ಇವತ್ತು ನಾನು ಟೂರಿಸ್ಟ್. ಸೂರ್ಯೋದಯದ ದೋಣಿಗೆ ಒಂದು ಟಿಕೆಟ್ ಕೊಡಿ."

ಅವಳು ಟಿಕೆಟ್ ಹರಿಯಲಿಲ್ಲ. ಕಿಟಕಿಯ ಸರಳಿನೊಳಗಿಂದ ಕೈ ಹಾಕಿ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ತಾಯಿ. ಇವನು ಆಮೇಲೆ ಎಲ್ಲ ಹೇಳಿದ. ಎರಡು ದಿನ ಇವನಿಗೆ ಊಟ ಬಡಿಸಲಿಲ್ಲ ನಾನು. ಮೂಕಬಸವ! ಮನೆಗೆ ಬೆಂಕಿ ಬಿದ್ರೂ ಚೀಟಿ ಬರೆದು ಇಡೋ ಜಾತಿ." ಆಮೇಲೆ ಜೆಟ್ಟಿಯ ಕಡೆ ತಿರುಗಿ ಗಂಟಲೆತ್ತಿದಳು, "ಏ! ಗಿರಾಕಿ ಬಂದಿದ್ದಾರೆ!"

ಅವನು ಬಂದ. ಭಾನುವಾರದ ಅಂಗಿ ಮುದುಡಿತ್ತು. ಅದನ್ನು ನೋಡಿಕೊಂಡು ಕೈಯಲ್ಲೇ ನೀವಿಕೊಂಡ. ನಾಲ್ಕು ವರ್ಷಗಳಲ್ಲಿ ಮೊದಲ ಸಲ ನಾನು ನೀಲಿ ಹಲಗೆಯ ಮುಂದೆ ನಿಂತು ಪೂರ್ತಿ ಓದಿದೆ.

"ಬರೆದಿದ್ದು ಯಾರು?"

"ನಾನೇ ಮೇಡಂ."

"ಇವತ್ತು ಮೇಡಂ ಬೇಡ. ಏಳೂ ಮಾಡಿಸ್ತೀರಾ?"

"ಒಂದೇ ದಿನದಲ್ಲಾ?"

"ನನಗೆ ಅವಸರ ಇದೆ," ಎಂದೆ. ಅದರ ಅರ್ಥ ಅವನಿಗೆ ತಿಳಿಯಿತು, ನಗಲಿಲ್ಲ.

ಸೂರ್ಯ ನೀರಿನಿಂದ ಎದ್ದು ಬರುವಾಗ ನಡುನೀರಿನಲ್ಲಿದ್ದೆವು, ಒಂಟಿ ಮರದ ಗೆರೆಯಿಂದ ದೂರದಲ್ಲಿ, ಅಳತೆಗೆ ಬೇಡವಾದ ಜಾಗದಲ್ಲಿ. ಆಮೇಲೆ ದಂಡೆಯ ಸುತ್ತ ನಡೆದೆವು. ಬೇರು, ಕಲ್ಲು ಬಂದಾಗ ಅವನು ಬಾಯಿಬಿಟ್ಟು ಹೇಳಿದ: "ಎಡಗಡೆ ಕಲ್ಲು." "ಇಲ್ಲಿ ಒಂದು ಹೆಜ್ಜೆ ತಗ್ಗು." ಹೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಪ್ರತಿ ಸಲವೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಲ್ಲು ಕುಪ್ಪಳಿಸುವ ಜಾಗದಲ್ಲಿ ಅವನ ಕಲ್ಲು ಎಂಟು ಸಲ ನೆಗೆಯಿತು, ನನ್ನದು ಗುಳುಂ ಎಂದಿತು. "ಇದಕ್ಕೂ ನಿಮ್ಮ ಕಣ್ಣೇ ಕಾರಣನಾ?" ಎಂದು ಕೇಳಿದ, ಕೇಳಿದ ಮೇಲೆ ಹೆದರಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಏಳು ವಾರದಲ್ಲಿ ಆ ಸಂಗತಿಗೆ ನಕ್ಕದ್ದು ಅದೇ ಮೊದಲು.

ಕೂಗುಬಂಡೆಯ ಮೇಲೆ ನಿಂತಾಗ ಏನು ಕೂಗಬೇಕೆಂದು ತೋಚಲಿಲ್ಲ. ಆಮೇಲೆ ಎದೆಯೊಳಗಿಂದ ತಾನಾಗಿ ಬಂತು.

"ಹೋಯ್ತು!"

ಹೋಯ್ತು, ಹೋಯ್ತು, ಹೋಯ್ತು ಎಂದಿತು ಕೆರೆ. ಪ್ರತಿ ಸಲವೂ ಇನ್ನಷ್ಟು ದೂರದಿಂದ. ನನ್ನ ಕಣ್ಣು ತುಂಬಿತು. ಆಗ ಅವನು ಪಕ್ಕದಲ್ಲಿ ಎರಡೂ ಕೈಯನ್ನು ಬಾಯಿಗೆ ದೊನ್ನೆ ಮಾಡಿ, ಆ ಮೌನಿ, ಅಷ್ಟು ದೊಡ್ಡ ದನಿಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ, ಕೂಗಿದ:

"ಕಾಣ್ತಿದೆ!"

ನಾವು ಮೂರನೆಯ ಮರುದನಿ ನಿಲ್ಲುವವರೆಗೂ ಅಲ್ಲಾಡದೆ ನಿಂತಿದ್ದೆವು.

*

ಹಲಗೆಯ ಕೊನೆಯ ಸಾಲಿನಲ್ಲಿ ಹೀಗಿತ್ತು: 'ಸಂಜೆ ಜೆಟ್ಟಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಿ. ಏನೂ ಮಾಡಬೇಡಿ.'

ಕೂತೆವು. ನೀರು ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಅವನು ನನ್ನ ಎಡಗಡೆ ಕೂತಿದ್ದ. ತಿರುಗದ ಹೊರತು ಕಾಣದ ಕಡೆ.

"ಒಂದು ಮಾತು," ಎಂದೆ. "ನಾನು ಇನ್ನೂ ಸಿಟ್ಟಿನಲ್ಲಿದ್ದೀನಿ."

"ಗೊತ್ತು."

"ಅದು ಹೋಗೋಕೆ ಟೈಮ್ ಬೇಕು. ಆದ್ರೆ ಆ ಟೈಮ್‌ನ ಲ್ಯಾಬ್‌ನಲ್ಲಿ ಕೂತು ಕಳೆಯೋಕೆ ನನಗೆ ಇಷ್ಟ ಇಲ್ಲ. ಇಲ್ಲಿ ಕಳೀತೀನಿ. ಒಂದು ಷರತ್ತು."

"ಹೇಳಿ."

"ನನಗೆ ನೋವಾಗುತ್ತೆ ಅಂತ ನೀನು ಯಾವತ್ತೂ ಸುಮ್ಮನಿರಬಾರದು. ನನಗೆ ಕಾಣದೆ ಇರೋದನ್ನೆಲ್ಲ ಹೇಳಬೇಕು. ನಾನು ಬಾಯಿ ಮುಚ್ಚು ಅಂದ್ರೂ ಹೇಳಬೇಕು."

ಅವನು ಗಂಟಲು ಸರಿಮಾಡಿಕೊಂಡ.

"ನಿನ್ನ ಎಡಗಡೆ ನೀರಿನಲ್ಲಿ ಒಂದು ಕಂಬ ಇದೆ. ಅದರ ಮೇಲೆ ಒಂದು ನೀರುಕಾಗೆ ಕೂತಿದೆ. ಆಗಿನಿಂದ ರೆಕ್ಕೆ ಒಣಗಿಸ್ಕೋತಿದೆ."

"ಹೂಂ."

"ಅದರಾಚೆ ನಮ್ಮ ಅಕ್ಕ ದೋಣಿಮನೆ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡ್ತಿದ್ದಾಳೆ. ಕಸ ಗುಡಿಸೋ ಹಾಗೆ ನಾಟಕ ಮಾಡ್ತಿದ್ದಾಳೆ."

"ಹೂಂ. ಇನ್ನೇನಿದೆ?"

"ನಿನ್ನ ಎಡಗೈ ಹತ್ರ, ಹಲಗೆ ಮೇಲೆ, ನನ್ನ ಕೈ ಇದೆ."

ತಿರುಗಿ ನೋಡಿ ಖಚಿತಪಡಿಸಿಕೊಳ್ಳುವುದು ನನ್ನ ಸ್ವಭಾವ. ಆ ಸಂಜೆ ತಿರುಗಲಿಲ್ಲ. ತಾಮ್ರದ ನೀರನ್ನು ನೋಡುತ್ತಲೇ ಬೆರಳುಗಳನ್ನು ಹಲಗೆಯ ಮೇಲೆ ಸರಿಸಿದೆ. ಅವನು ಹೇಳಿದ್ದ ಕಡೆಯೇ ಅದು ಇತ್ತು.